ಬೇಟೆ ಮತ್ತು ಮೃಗಸಂಖ್ಯಾ ನಿಯಂತ್ರಣ: ಕುಂದಾಪುರ ಸೀಮೆಯ ವಿವಾದ

ಸಾರ್ವಜನಿಕ ಅರಣ್ಯದ ಜಿಂಕೆ, ಕಡವೆ, ಹಂದಿ ಮೊದಲಾದ ಮೃಗಗಳ ಸಂಖ್ಯೆಯನ್ನು ಬೇಟೆಯಿಂದ ಹತೋಟಿಯಲ್ಲಿಡುವುದು ಯುಕ್ತವೇ ಎಂಬ ಪ್ರಶ್ನೆಯು ಘಟ್ಟದ ಬುಡದಿಂದ ಕಡಲತಡಿಯವರೆಗೆ ಹಬ್ಬಿದ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಬೇಸಾಯದ ಪ್ರಶ್ನೆಯಾಗಿಯೇ ಹುಟ್ಟಿ ಬೆಳೆದಿದೆ. ಬಯಲು ಹುಲ್ಲುಗಾವಲನ್ನು ಬಯಸುವ ಚುಕ್ಕೆಜಿಂಕೆಗೆ ಇಲ್ಲಿನ ದಟ್ಟ ಮಳೆಗಾಡು ಅಷ್ಟಾಗಿ ಒಗ್ಗದು. ಕಾಡುಕುರಿ, ಬರ್ಕಗಳು ಹಳುವನ್ನು ಬಿಟ್ಟು ಬಹಳ ದೂರ ಬರುವುದಿಲ್ಲ. ಆದಕಾರಣ ವಾದವೆಲ್ಲ ಬಹುಮಟ್ಟಿಗೆ ಕಾಡುಹಂದಿಯನ್ನೇ ಸುತ್ತುತ್ತದೆ. ವರ್ಗಭೂಮಿಯ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ತರಗೆಲೆಗಳಿಗೆಂದು ರೈತನಿಗಿದ್ದ ಕುಮ್ಕಿ ಸೌಲಭ್ಯವು ಊರೂರಿನ ಹಾಡಿಗಳನ್ನು, ಎಂದರೆ ಊರಂಚಿನ ಕಿರುಗಾಡುಗಳನ್ನು, ಉಳಿಸಿತು. ಹಗಲು ಹಂದಿಗೆ ಮರೆಯಾಗಿ ಇರುಳು ಅದನ್ನು ಗದ್ದೆಗೆ ಇಳಿಸುವುದೂ ಆ ಹಾಡಿಯೇ.

ಪೂರ್ವದಲ್ಲಿ ಅಗಳು ತೋಡಿ, ಅಟ್ಟಣೆ ಕಟ್ಟಿ, ಕೂಗುಹಾಕಿ ಬೆಳೆ ಕಾಯುವುದೂ ಊರು ಕೂಡಿ ಬೇಟೆಗೆ ಹೊರಡುವುದೂ ಒಂದೇ ಕೃಷಿಕರ್ಮದ ಎರಡು ಅಂಗಗಳಾಗಿದ್ದುವು. ಭೂಮಿತಾಯಿ ಋತುಮತಿಯಾದಳೆಂದು ನೆಲವನ್ನು ಅಗೆಯದೆ ಬಿಡುವ ತುಳುವರ ಕೆಡ್ಡಸದಲ್ಲಿ ಬೇಟೆಯು ಆಚರಣೆಯ ಭಾಗವೇ ಆಗಿದ್ದಿತು. ಮದರಾಸು ಆಧಿಪತ್ಯದ ಕಾಲದಲ್ಲಿ 1878ರ ಆಯುಧ ಶಾಸನವು ಕೋವಿಗೆ ಪರವಾನಗಿಯನ್ನು ವಿಧಿಸಿತು, 1882ರ ಅರಣ್ಯ ಶಾಸನವು ಕಾಡಿಗೆ ಗಡಿಯನ್ನು ಎಳೆಯಿತು. ಅದೇ ಸರ್ಕಾರ ಹುಲಿ, ಚಿರತೆಗಳನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದಿತು. ಹಂದಿ, ಕಡವೆಗಳನ್ನು ತಿಂದು ಮಿತಿಯಲ್ಲಿಡುತ್ತಿದ್ದ ಮೃಗವನ್ನು ಬೊಕ್ಕಸದ ಹಣದಿಂದಲೇ ಕೊಲ್ಲಿಸಿದ ಈ ನೀತಿಯಲ್ಲಿ ಇಂದಿನ ವಿವಾದದ ಬೀಜವಿದೆಯೆಂಬುದನ್ನು ಮರೆಯುವಂತಿಲ್ಲ.

ಇಂಥದೇ ನೀತಿಯ ಫಲವನ್ನು ಅಮೆರಿಕದ ಕೈಬಾಬ್ ಪ್ರಸ್ಥಭೂಮಿಯಲ್ಲಿ ಕಾಣಬಹುದು. 1906ರಲ್ಲಿ ಅದನ್ನು ಮೃಗರಕ್ಷಣಾ ಪ್ರದೇಶವೆಂದು ಸಾರಿ, ಪೂಮಾ, ತೋಳಗಳನ್ನು ನಿವಾರಿಸಿದ ಮೇಲೆ ಜಿಂಕೆಗಳು ಮೇವನ್ನೆಲ್ಲ ತಿಂದು ಹಸಿವಿನಿಂದ ಸತ್ತುವು. 1924ರಲ್ಲಿ ಬೇಟೆಯನ್ನು ತೆರೆಯಬೇಕಾಯಿತು. ಅಲ್ಲಿನ ಜಿಂಕೆಗಳ ಬಗ್ಗೆ ಹೇಳಲಾದ ಸಂಖ್ಯೆಗಳು ನಂಬತಕ್ಕವಲ್ಲವೆಂದು 1970ರಲ್ಲಿ ಪರಿಸರ ವಿಜ್ಞಾನಿ ಗ್ರೇಮ್ ಕಾಫ್ಲಿ ತೋರಿಸಿದ್ದು ಗಮನಾರ್ಹ. ಏಕೆಂದರೆ ಎಣಿಕೆಯಿಲ್ಲದ ನಿಯಂತ್ರಣವು ಊಹೆಯ ಮೇಲೆ ಎತ್ತಿದ ಕೋವಿಯಷ್ಟೆ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಮೊದಲಿಗೆ ಕೆಲವು ಮೃಗಗಳ ಬೇಟೆಗೆ ಪರವಾನಗಿಯನ್ನು ಉಳಿಸಿಕೊಂಡಿದ್ದಿತು. 1991ರ ತಿದ್ದುಪಡಿಯು ಆ ಬಾಗಿಲನ್ನು ಮುಚ್ಚಿತು. ತರುವಾಯ ಉಳಿದ ದಾರಿಗಳು ಎರಡು: ಪ್ರಾಣಕ್ಕೋ ಬೆಳೆಗೋ ಅಪಾಯವೊಡ್ಡುವ ಮೃಗವನ್ನು ಕೊಲ್ಲಲು 11ನೆಯ ವಿಧಿಯನ್ವಯ ಅನುಮತಿ, 62ನೆಯ ವಿಧಿಯನ್ವಯ ಕೇಂದ್ರ ಸರ್ಕಾರದಿಂದ ಉಪದ್ರವಕಾರಿ ಎಂಬ ಘೋಷಣೆ. ಈ ನಡುವೆ ಕೊಲ್ಲೂರಿನ ಸುತ್ತಣ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವಾಗಿ, 2011ರಲ್ಲಿ ಸುಮಾರು 370 ಚದರ ಕಿಲೋಮೀಟರಿಗೆ ವಿಸ್ತಾರಗೊಂಡಿತು. ಉಪದ್ರವಕಾರಿ ಎಂಬ ಇಂಥ ಘೋಷಣೆಯ ಬಲದಿಂದ 2016ರಲ್ಲಿ ಬಿಹಾರದಲ್ಲಿ ನೀಲಗಾಯಿಗಳನ್ನು ಗುಂಡಿಟ್ಟು ಕೊಂದಾಗ ಕೇಂದ್ರದ ಮಂತ್ರಿಗಳಾದ ಮೇನಕಾ ಗಾಂಧಿ, ಪ್ರಕಾಶ್ ಜಾವಡೇಕರ್ ಇವರೊಳಗೇ ಭಿನ್ನಮತ ಬಹಿರಂಗವಾಯಿತು. 2022ರಲ್ಲಿ ಕೇರಳವು ಬೆಳೆಗೆಡಿಸುವ ಹಂದಿಯನ್ನು ಕೊಲ್ಲಲು ಅನುಮತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದುದರಿಂದ, ಕಾಸರಗೋಡಿನ ಕನ್ನಡ ರೈತನಿಗೆ ಆ ಅನುಮತಿ ಪಂಚಾಯತಿಯ ಬಾಗಿಲಿಗೇ ಬಂದಿತು.

ರೈತರ ವಾದವು ಬರಿಯ ಕೋಪದ ಮಾತಲ್ಲ. ಒಂದೇ ರಾತ್ರಿಯಲ್ಲಿ ಬಾಳೆ, ಗೆಣಸು, ತೆನೆಬಿಟ್ಟ ಗದ್ದೆ ಹಾಳಾದವನು ಮರುವರ್ಷ ಹಡಿಲು ಬಿಡುತ್ತಾನೆ. ಹಡಿಲು ಬಿದ್ದ ಗದ್ದೆಯಲ್ಲಿ ಪೊದೆ ಬೆಳೆದು ಹಂದಿಗೆ ಮತ್ತೊಂದು ಹಾಡಿಯಾಗುತ್ತದೆ. ಪ್ರತಿವಾದವೂ ಅಷ್ಟೇ ದೃಢವಾದುದು: ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿ ನರಳಿ ಸಾಯುವುದನ್ನು ಈ ಸೀಮೆ ಮತ್ತೆಮತ್ತೆ ಕಂಡಿದೆ. ಕದ್ದಿಟ್ಟ ಉರುಳಿಗಿಂತ ಗೊತ್ತಾದ ಕೈಯಲ್ಲಿರುವ, ಲೆಕ್ಕಕ್ಕೆ ಒಳಪಟ್ಟ ಕೋವಿಯೇ ಲೇಸೆಂದು ಈ ಲೇಖಕನ ಅಭಿಪ್ರಾಯ.

ಆದರೆ ಬೆಳೆರಕ್ಷಣೆಗೆಂದೇ ಪರವಾನಗಿ ಪಡೆದ ಕೋವಿಯಿಂದಲೂ ಪ್ರತ್ಯೇಕ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವಂತಿಲ್ಲ. ಹೆದರಿಸಿ ಓಡಿಸಬಹುದು, ಅಷ್ಟೆ. ಚುನಾವಣೆ ಘೋಷಣೆಯಾದೊಡನೆ ಆ ಕೋವಿಯನ್ನೂ ಠಾಣೆಯಲ್ಲಿ ಠೇವಣಿಯಿಡಬೇಕೆಂಬ ಆಜ್ಞೆ ಬರುತ್ತದೆ. ಹಲಸು ಹಣ್ಣಾಗಿ ಉದುರುವ ಏಪ್ರಿಲ್, ಮೇ ತಿಂಗಳಲ್ಲಿ ಮತದಾನ ಬಿದ್ದರೆ ತೋಟದಂಚಿನ ಮನೆಗಳವರು ನಾಯಿ, ಡಬ್ಬ, ಗರ್ನಾಲುಗಳೊಡನೆ ರಾತ್ರಿ ಕಾಯುತ್ತಾರೆ.