ಕೊನೆಯ ರಕ್ತಮಾದರಿ: ಮರಣಸೂಚನೆಯ ಒಂದು ಪ್ರಮಾಣದ ಪರಿಶೀಲನೆ

ವೈರಾಣುಜನ್ಯ ಶ್ವಾಸರೋಗದಿಂದ ಆಸ್ಪತ್ರೆ ಸೇರಿದವರಲ್ಲಿ ಮೃತ್ಯು ಯಾರಿಗೆ ಸನ್ನಿಹಿತವೆಂಬುದನ್ನು ಮುಂಗಾಣುವ ವಿದ್ಯೆಯ ಚರಿತ್ರೆಯಲ್ಲಿ, 2020ರ ಮೇ ತಿಂಗಳಲ್ಲಿ ‘ನೇಚರ್ ಮೆಷಿನ್ ಇಂಟೆಲಿಜೆನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವುಹಾನಿನ ಕೋವಿಡ್ ಪ್ರಬಂಧಕ್ಕೆ ಯುಗಪ್ರವರ್ತಕ ಸ್ಥಾನವನ್ನು ಕೊಡುವವರು ಈಗಲೂ ಇದ್ದಾರೆ. ರಕ್ತದಲ್ಲಿನ ಮೂರೇ ಅಂಶಗಳು, ಎಂದರೆ ಎಲ್‌ಡಿಎಚ್, ಸಿ-ಆರ್‌ಪಿ ಎಂಬ ಉರಿಯೂತಸೂಚಕ ಪ್ರೋಟೀನು ಮತ್ತು ಲಿಂಫೊಸೈಟುಗಳೆಂಬ ಬಿಳಿ ರಕ್ತಕಣಗಳ ಪ್ರಮಾಣ, ಸಾವನ್ನು ಹತ್ತು ದಿನಕ್ಕೂ ಮುಂಚೆಯೇ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ನಿಖರತೆಯಿಂದ ಸಾರಿದುವೆಂಬ ಮಾತನ್ನು ಇವರು ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿರುವರೇ ಹೊರತು, ಆ ರಕ್ತವನ್ನು ತೆಗೆದದ್ದು ಯಾವಾಗ ಎಂದು ಕೇಳುವ ಶ್ರಮವನ್ನು ವಹಿಸಿಲ್ಲ.

ಪ್ರಬಂಧಕಾರರು ಏನನ್ನೂ ಮರೆಮಾಚಿಲ್ಲವೆಂಬುದನ್ನು ಮೊದಲು ಹೇಳಬೇಕು. ಟೊಂಗ್ಜಿ ಆಸ್ಪತ್ರೆಯ 375 ರೋಗಿಗಳ ದಾಖಲೆಗಳಿಂದ ಗಣಕಯಂತ್ರದ ಮೂಲಕ ಸೂತ್ರವನ್ನು ರಚಿಸಿದುದೂ, ಅವರಲ್ಲಿ 174 ಮಂದಿ ಮೃತರಾದುದೂ, ಒಬ್ಬೊಬ್ಬರಿಂದ ಹಲವು ಬಾರಿ ತೆಗೆದ ಮಾದರಿಗಳಲ್ಲಿ ಕಟ್ಟಕಡೆಯದನ್ನೇ ಆರಿಸಿಕೊಂಡುದೂ ಅವರ ಬರೆಹದಲ್ಲಿಯೇ ಇದೆ. ನನ್ನ ಆಕ್ಷೇಪವೆಲ್ಲ ಈ ಕಟ್ಟಕಡೆಯ ಮಾದರಿಯ ಮೇಲೆ. ಮೃತನಾದವನ ಕಡೆಯ ಮಾದರಿ ಸಾವಿನ ಸಮೀಪದ್ದು. ಬದುಕಿದವನ ಕಡೆಯ ಮಾದರಿ ಮನೆಗೆ ಮರಳುವ ಹೊತ್ತಿನದು. ಎಲ್‌ಡಿಎಚ್ ಎಂಬುದು ಜೀವಕೋಶಗಳು ನಾಶವಾದಾಗ ರಕ್ತಕ್ಕೆ ಸೋರುವ ಕಿಣ್ವವಾದುದರಿಂದ, ಅಂಗಾಂಗಗಳು ಕುಸಿಯುತ್ತಿರುವ ದೇಹದಲ್ಲಿ ಅದು ಏರಿರುವುದೂ ಚೇತರಿಸಿಕೊಂಡ ದೇಹದಲ್ಲಿ ಇಳಿದಿರುವುದೂ ಸಹಜವೇ ಆಗಿದೆ. ಈ ಕಿಣ್ವಕ್ಕೆ ಸೂತ್ರವಿಟ್ಟ 365 ಎಂಬ ಗಡಿಸಂಖ್ಯೆ ಮುಂದೆ ಸಾಯಲಿರುವವರನ್ನು ಗುರುತಿಸಿತೆನ್ನುವುದಕ್ಕಿಂತ, ಆಗಲೇ ಸಾಯುತ್ತಿದ್ದವರನ್ನು ಗುರುತಿಸಿತೆನ್ನುವುದು ಯುಕ್ತ.

ಮುಂಚಿನ ಮಾದರಿಗಳ ಮೇಲೂ ಸೂತ್ರವನ್ನು ಪ್ರಯೋಗಿಸಲಾಯಿತಲ್ಲವೇ ಎಂದರೆ, ಅಹುದು; ಆ ‘ಹತ್ತು ದಿನ’ ಹುಟ್ಟಿದುದು ಅಲ್ಲಿಯೇ. ಆದರೆ ಅದು ಸಾವಿನ ದಿನದಿಂದ ಹಿಮ್ಮುಖವಾಗಿ ಎಣಿಸಿದ ಲೆಕ್ಕ. ಹಾಸಿಗೆಯ ಬಳಿ ನಿಂತ ವೈದ್ಯನಿಗೆ ಇಂದು ಸಾವಿಗೆ ಹತ್ತು ದಿನವುಂಟೋ ಎರಡೇ ದಿನವುಂಟೋ ತಿಳಿದಿರುವುದಿಲ್ಲ. ಆತ ಬಲ್ಲುದು ರೋಗಿ ದಾಖಲಾದ ದಿನದಿಂದ ಮುಂದಕ್ಕೆ ನಡೆಯುವ ಲೆಕ್ಕವೊಂದನ್ನೇ. ಇನ್ನು, ಸೂತ್ರವನ್ನು ಒರೆಗೆ ಹಚ್ಚಿದ ಬೇರೆ 110 ರೋಗಿಗಳಲ್ಲಿ ಮೃತರಾದವರು 13 ಮಂದಿ ಮಾತ್ರ. ರಕ್ತವನ್ನೇ ನೋಡದೆ “ಎಲ್ಲರೂ ಬದುಕುವರು” ಎಂದುಬಿಟ್ಟಿದ್ದರೂ ನೂರಕ್ಕೆ 88ರಷ್ಟು ನಿಜವಾಗುತ್ತಿತ್ತೆಂಬ ಸಾಮಾನ್ಯ ಭಾಗಾಹಾರವನ್ನು ಆ ಸೂತ್ರದ ಪ್ರಶಂಸಕರು ಮಾಡಿದಂತೆ ತೋರುವುದಿಲ್ಲ. ನೆದರ್‌ಲೆಂಡ್ಸ್, ಫ್ರಾನ್ಸ್ ಮತ್ತು ನ್ಯೂಯಾರ್ಕಿನ ವೈದ್ಯರು ತಂತಮ್ಮ ರೋಗಿಗಳ ಮೇಲೆ ಸೂತ್ರವನ್ನು ಪರೀಕ್ಷಿಸಿ, ಅದು ನಿಲ್ಲಲಿಲ್ಲವೆಂದು ಅದೇ ಪತ್ರಿಕೆಯಲ್ಲಿ ಬರೆದರು. (ಮೂಲ ಲೇಖಕರ ಸಮಾಧಾನವೂ ಅಲ್ಲಿಯೇ ಅಚ್ಚಾಗಿದೆ, ಅದರಿಂದ ನನ್ನ ಸಂದೇಹ ಪರಿಹಾರವಾಗಿಲ್ಲ.)

ತಡವಾಗಿ ಬರುವುದರಿಂದಲೇ ನಿಜವಾಗುವ ಇಂಥ ಸೂಚನೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. 1918ರ ಇನ್‌ಫ್ಲುಯೆಂಜಾವನ್ನು ಕುರಿತು ಬ್ರಿಟನ್ನಿನ ಆರೋಗ್ಯ ಸಚಿವಾಲಯ 1920ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹರ್ಬರ್ಟ್ ಫ್ರೆಂಚ್ ಎಂಬ ವೈದ್ಯನು ರೋಗಿಗಳ ತುಟಿ, ಕಿವಿ, ಕೆನ್ನೆಗಳಲ್ಲಿ ವ್ಯಾಪಿಸುತ್ತಿದ್ದ ನೇರಳೆ ಛಾಯೆಯನ್ನು ವರ್ಣಚಿತ್ರಗಳೊಡನೆ ವಿವರಿಸಿದ್ದಾನೆ. ಆ ಛಾಯೆ ಮೂಡಿದವರು ಬದುಕುವುದು ವಿರಳವಾಗಿತ್ತು. ಸೂಚನೆ ಬಹುಮಟ್ಟಿಗೆ ಸತ್ಯವೇ. ಅದು ಸತ್ಯವಾದುದಕ್ಕೆ ಕಾರಣ ಅಷ್ಟು ತಡವಾಗಿ ಬಂದುದು. ವ್ಯತ್ಯಾಸವಿಷ್ಟೆ: ಫ್ರೆಂಚನು ಕಣ್ಣಾರೆ ಕಂಡುದನ್ನು ಬರೆದನು, ಹತ್ತು ದಿನ ಮುಂಚೆ ಕಂಡೆನೆನ್ನಲಿಲ್ಲ.

ಕೋವಿಡಿಗೆ ಮರಳಿದರೆ, ದಾಖಲಾದ ಹೊತ್ತಿನ ಪುರಾವೆಗಷ್ಟೇ ಅಂಟಿಕೊಂಡವರ ಅಂಕಗಳು ಇಷ್ಟು ಬೆರಗು ಹುಟ್ಟಿಸವು. 2020ರ ಸೆಪ್ಟೆಂಬರಿನಲ್ಲಿ ಬಿಎಂಜೆ ಎಂಬ ವೈದ್ಯಪತ್ರಿಕೆಯಲ್ಲಿ ಬಂದ ‘4ಸಿ’ ಅಂಕಪದ್ಧತಿಯನ್ನು ಬ್ರಿಟನ್ನಿನ 260 ಆಸ್ಪತ್ರೆಗಳ 35,463 ರೋಗಿಗಳಿಂದ ಕಟ್ಟಿ, ಮತ್ತೆ 22,361 ಮಂದಿಯಲ್ಲಿ ಪರೀಕ್ಷಿಸಿದರು. ವಯಸ್ಸು, ಲಿಂಗ, ಇತರ ರೋಗಗಳು, ಉಸಿರಾಟದ ವೇಗ, ಆಕ್ಸಿಜನ್ ಮಟ್ಟ, ಪ್ರಜ್ಞೆ, ಯೂರಿಯಾ, ಸಿ-ಆರ್‌ಪಿ ಎಂಬ ಎಂಟು ಅಂಶಗಳಿಂದ 21ರವರೆಗೆ ಅಂಕ. ಸಾಯುವವರನ್ನು ಬದುಕುವವರಿಂದ ಬೇರ್ಪಡಿಸುವ ವಿವೇಚನಾಶಕ್ತಿಯ ಮಾನಕ, ಪರಿಪೂರ್ಣತೆಗೆ 1 ಎಂದಿಟ್ಟುಕೊಂಡರೆ, ಪರೀಕ್ಷೆಯಲ್ಲಿ 0.77. ಲಂಡನ್ನಿನ ಒಂದು ಆಸ್ಪತ್ರೆಯ 411 ರೋಗಿಗಳ ಮೇಲೆ 22 ಸೂತ್ರಗಳನ್ನು ಒರೆಹಚ್ಚಿದವರಿಗಂತೂ, ಮರಣವನ್ನು ಮುಂಗಾಣುವುದರಲ್ಲಿ ಬರಿಯ ವಯಸ್ಸನ್ನು ಮೀರಿಸಿದ ಸೂತ್ರ ಒಂದೂ ಸಿಕ್ಕಲಿಲ್ಲ.

‘4ಸಿ’ಯನ್ನೂ ನಾನು ನಿರ್ವಿಕಲ್ಪವಾಗಿ ಒಪ್ಪುವವನಲ್ಲ. ಹದಿನೈದು ಮತ್ತು ಮೇಲ್ಪಟ್ಟ ಅಂಕದವರಲ್ಲಿ ನೂರಕ್ಕೆ ಸುಮಾರು 62 ಮಂದಿ ಮೃತರಾದರೆಂಬ ಅದರ ಲೆಕ್ಕ ಲಸಿಕೆಗೆ ಮುಂಚಿನದು. ಕೋವಿಡ್ ಸಾವುಗಳನ್ನು ತಗ್ಗಿಸಿದ ಡೆಕ್ಸಾಮೆಥಾಸೋನ್ ಔಷಧಿಯ ಪ್ರಯೋಗದ ಫಲಿತಾಂಶ 2020ರ ಜೂನ್ 16ರಂದು ಹೊರಬೀಳುವ ವೇಳೆಗೆ ಸೂತ್ರ ರಚನೆಯ ರೋಗಿಗಳೆಲ್ಲ ಆಗಲೇ ದಾಖಲಾಗಿದ್ದರು. ಆ ಶೇಕಡಾಂಶವನ್ನು ಇಂದಿನ ವಾರ್ಡಿನ ರೋಗಿಗೆ ಹಾಗೆಯೇ ಅನ್ವಯಿಸುವುದು, ರೋಗಿಯ ಕಾಲವನ್ನು ಮರೆತ ಮೇಲಿನ ಪ್ರಮಾದವನ್ನೇ ಚಿಕಿತ್ಸೆಯ ಕಾಲದ ವಿಷಯದಲ್ಲಿ ಪುನಃ ಎಸಗಿದಂತಾಗುತ್ತದೆ.