ಕೊಗಾನ ಎದುರು ನಿಂತವನು

ಜೂಡೋ ಇತಿಹಾಸ ಓದುವವರಿಗೆ ಜಪಾನಿನ ತೊಶಿಹಿಕೊ ಕೊಗಾ ಗೊತ್ತೇ ಇರುತ್ತಾನೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಕೆಲವೇ ದಿನ ಇರುವಾಗ, ತಂಡದ ಗೆಳೆಯ ಹಿದೆಹಿಕೊ ಯೊಶಿದಾ ಜತೆಗಿನ ಅಭ್ಯಾಸದಲ್ಲಿ ಅವನ ಮೊಣಕಾಲಿಗೆ ಪೆಟ್ಟಾಯಿತು. ಆ ಕಾಲಿನಲ್ಲೇ ಚಿನ್ನ ಗೆದ್ದ. ಈ ಕಥೆಯನ್ನು ಎಷ್ಟು ಸಲ ಓದಿದ್ದೇನೋ! ಆದರೆ ಫೈನಲ್‌ನಲ್ಲಿ ಅವನೆದುರು ನಿಂತವನು ಯಾರು ಅಂತ ನಾನು ಹುಡುಕಿದ್ದು ಬಹಳ ತಡವಾಗಿ.

ಅವನು ಹಂಗೇರಿಯ ಬೆರ್ತಲನ್ ಹಾಯ್ತೋಶ್, 71 ಕೆ.ಜಿ. ವಿಭಾಗ. ಎದುರಿಗಿದ್ದವನು 1989 ಮತ್ತು 1991ರ ವಿಶ್ವ ಚಾಂಪಿಯನ್. ಐದು ನಿಮಿಷ ಕಳೆದರೂ ಅಂಕಗಳಲ್ಲಿ ಇಬ್ಬರೂ ಸಮ. ಆಗಿನ ನಿಯಮದಂತೆ ತೀರ್ಪುಗಾರರು ಬಾವುಟ ಎತ್ತಿದರು, ಚಿನ್ನ ಕೊಗಾನದಾಯಿತು. ಹಾಯ್ತೋಶ್ ಬಿದ್ದು ಸೋತವನಲ್ಲ, ಬಾವುಟಕ್ಕೆ ಸೋತವನು.

ಹಾಗಂತ ಹಂಗೇರಿ ಬರಿಗೈಲಿ ಮರಳಲಿಲ್ಲ. ಮೂರು ದಿನ ಮುಂಚೆ, 20 ವರ್ಷದ ಅಂತಲ್ ಕೊವಾಚ್ 95 ಕೆ.ಜಿ.ಯಲ್ಲಿ ಬ್ರಿಟನ್ನಿನ ರೇಮಂಡ್ ಸ್ಟೀವನ್ಸ್‌ನನ್ನು ಸೋಲಿಸಿ ಚಿನ್ನ ಗೆದ್ದಿದ್ದ. 2024ರ ಪ್ಯಾರಿಸ್ ಮುಗಿದ ಮೇಲೂ ಒಲಿಂಪಿಕ್ ಜೂಡೋದಲ್ಲಿ ಆ ದೇಶಕ್ಕೆ ಅದೊಂದೇ ಚಿನ್ನ. ಮರುದಿನ 65 ಕೆ.ಜಿ.ಯಲ್ಲಿ ಯೋಜೆಫ್ ಚಾಕ್ ಬೆಳ್ಳಿ ತಂದ. ಒಂದು ಚಿನ್ನ, ಎರಡು ಬೆಳ್ಳಿ!

ಬಾವುಟದ ತೀರ್ಪನ್ನು 2013ರಲ್ಲಿ ಕೈಬಿಟ್ಟರು. ಈಗ ಸಮವಾದರೆ, ಒಬ್ಬ ಗೆಲ್ಲುವ ತನಕ ಆಟ ನಡೆಯುತ್ತದೆ. ಆ ನಿಯಮ ಅಂದು ಇದ್ದಿದ್ದರೆ? ನೋಯುವ ಕಾಲು ಎಷ್ಟು ಹೊತ್ತು ತಡೆಯುತ್ತಿತ್ತೋ, ಹೇಳಲಾಗದು. ಕೊಗಾ 2021ರಲ್ಲಿ ತೀರಿಕೊಂಡ. ಅವನ ಧೈರ್ಯಕ್ಕೆ ನನ್ನದೂ ನಮಸ್ಕಾರ. ಆದರೆ ಆ ಧೈರ್ಯಕ್ಕೆ ಬೆಲೆ ಬಂದದ್ದು ಎದುರಾಳಿ ಗಟ್ಟಿಯಾಗಿದ್ದರಿಂದ. ಆ ಕಥೆ ಹೇಳುವಾಗ ಹಾಯ್ತೋಶ್ ಹೆಸರನ್ನೂ ಹೇಳಿ, ಅಷ್ಟೇ.