ಹಿಮದ ನಾಡಿನ ಸಾಕ್ಷಿಗಳು: ಫ್ರಾಂಕ್ಲಿನ್ ಯಾತ್ರೆಯ ಶೋಧಸಾಹಿತ್ಯ ಬೆಳೆದ ಬಗೆ

ಕಡಲಯಾನದ ಇತಿಹಾಸದಲ್ಲಿ ಬಗೆಹರಿಯದೆ ಉಳಿದ ಘಟನೆಗಳ ಸುತ್ತ ಇಂಗ್ಲಿಷಿನಲ್ಲಿ ಬೆಳೆದಿರುವ ಬರವಣಿಗೆಯಲ್ಲಿ, ಸರ್ ಜಾನ್ ಫ್ರಾಂಕ್ಲಿನ್ ಅವರ ಕೊನೆಯ ಯಾತ್ರೆಯನ್ನು ಕುರಿತ ಸಾಹಿತ್ಯ ಗಾತ್ರದಲ್ಲೂ ವಾದವಿವಾದದಲ್ಲೂ ಬಹು ದೊಡ್ಡದು. ಅಟ್ಲಾಂಟಿಕ್ ಸಾಗರದಿಂದ ಹೊರಟು, ಉತ್ತರ ಅಮೆರಿಕದ ನೆತ್ತಿಯ ಮೇಲಿನ ಹಿಮದ್ವೀಪಗಳ ನಡುವೆ ನುಸುಳಿ ಶಾಂತಸಾಗರವನ್ನು ಸೇರುವ ದಾರಿಗೆ ವಾಯವ್ಯ ಜಲಮಾರ್ಗವೆಂದು ಹೆಸರು. ಅದನ್ನು ಪೂರ್ತಿಯಾಗಿ ಹಾದುಹೋಗಲೆಂದು 1845ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಎರೆಬಸ್ ಮತ್ತು ಟೆರರ್ ಎಂಬ ಹಡಗುಗಳು ಇಂಗ್ಲೆಂಡಿನಿಂದ ಹೊರಟವು. ಗ್ರೀನ್‌ಲ್ಯಾಂಡಿನಿಂದ ಮುಂದೆ ಸಾಗಿದ 129 ಮಂದಿಯಲ್ಲಿ ಒಬ್ಬನೂ ಮರಳಲಿಲ್ಲ.

ಈ ಸಾಹಿತ್ಯದ ಮೊದಲ ಘಟ್ಟವೇ ಒಂದು ಅನ್ಯಾಯದಿಂದ ಆರಂಭವಾಯಿತು. ಹಡ್ಸನ್ಸ್ ಬೇ ಕಂಪನಿಯ ವೈದ್ಯ ಜಾನ್ ರೇ ಅವರು 1854ರಲ್ಲಿ, ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರಿಂದ ಕೇಳಿ ತಿಳಿದದ್ದನ್ನು, ಅವರಿಂದ ಕೊಂಡ ನಾವಿಕರ ವಸ್ತುಗಳ ಸಮೇತ ಲಂಡನ್ನಿಗೆ ತಲುಪಿಸಿದರು. ನಾವಿಕರು ಹಸಿವಿನಿಂದ ಸತ್ತರೆಂದೂ ಕೊನೆಯಲ್ಲಿ ಸತ್ತವರ ಮಾಂಸವನ್ನೇ ತಿಂದರೆಂದೂ ಅದರಲ್ಲಿತ್ತು. ಚಾರ್ಲ್ಸ್ ಡಿಕನ್ಸ್ ತಾವು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಇದನ್ನು ಅಲ್ಲಗಳೆದು, ಇನುಯಿಟರ ಮಾತು ನಂಬಲು ತಕ್ಕುದಲ್ಲವೆಂದು ಬರೆದರಲ್ಲದೆ, ನಾವಿಕರನ್ನು ಅವರೇ ಕೊಂದಿರಬಹುದೆಂಬ ಶಂಕೆಯನ್ನೂ ಬಿತ್ತಿದರು. ಅಷ್ಟು ದೊಡ್ಡ ಲೇಖಕನ ಅಷ್ಟು ದುಡುಕಿನ ಮಾತು ಮುಂದಿನ ನೂರು ವರ್ಷಗಳ ಬರವಣಿಗೆಯ ಮೇಲೆ ನೆರಳು ಚಾಚಿತು.

1859ರಲ್ಲಿ ಲಿಯೋಪೋಲ್ಡ್ ಮೆಕ್‌ಕ್ಲಿಂಟಾಕ್ ಅವರ ತಂಡಕ್ಕೆ ಕಿಂಗ್ ವಿಲಿಯಂ ದ್ವೀಪದಲ್ಲಿ ಒಂದು ಕಾಗದ ದೊರೆಯಿತು. ಎಲ್ಲವೂ ಕ್ಷೇಮವೆಂದು 1847ರಲ್ಲಿ ಬರೆದ ಒಕ್ಕಣೆಯ ಸುತ್ತ, ಅದೇ ಹಾಳೆಯ ಅಂಚಿನಲ್ಲಿ, 1848ರ ಏಪ್ರಿಲ್‌ನಲ್ಲಿ ಬರೆದ ಎರಡನೆಯ ಒಕ್ಕಣೆಯಿತ್ತು: ಫ್ರಾಂಕ್ಲಿನ್ 1847ರ ಜೂನ್ 11ರಂದು ತೀರಿಕೊಂಡಿದ್ದರು, ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದಿದ್ದವು, ಉಳಿದ 105 ಮಂದಿ ಅವನ್ನು ತೊರೆದು ದಕ್ಷಿಣಕ್ಕೆ ನಡೆಯಲಿದ್ದರು. ಲಿಖಿತ ದಾಖಲೆಯೊಂದು ಕೈಗೆ ಬಂದ ಮೇಲೆ ವಿದ್ವಾಂಸರು ಅದನ್ನೇ ಬೆನ್ನೆಲುಬಾಗಿಸಿಕೊಂಡರು. ಈ ಧಾರೆಯ ಶಿಖರವೆಂದರೆ ವೈದ್ಯ ರಿಚರ್ಡ್ ಸಿರಿಯಾಕ್ಸ್ ಅವರ 1939ರ ಗ್ರಂಥ; ಕಾಗದಪತ್ರಗಳ ಮಟ್ಟಿಗೆ ಅದರಷ್ಟು ಎಚ್ಚರದ ಕೃತಿ ಇನ್ನೊಂದಿಲ್ಲವೆನ್ನಬಹುದು.

1980ರ ದಶಕದಲ್ಲಿ ವಿಜ್ಞಾನ ಕಾಲಿಟ್ಟಿತು. ಮಾನವಶಾಸ್ತ್ರಜ್ಞ ಓವನ್ ಬೀಟಿ ಅವರು ಬೀಚಿ ದ್ವೀಪದ ಗೋರಿಗಳಿಂದ ಮೂವರು ನಾವಿಕರ ದೇಹಗಳನ್ನು ಹೊರತೆಗೆದು ಪರೀಕ್ಷಿಸಿ, ಡಬ್ಬಿ ಆಹಾರದ ಬೆಸುಗೆಯಲ್ಲಿದ್ದ ಸೀಸವು ಅವರ ಶರೀರಕ್ಕೆ ವಿಷವಾಗಿ ಇಳಿದಿತ್ತೆಂದು ವಾದಿಸಿದರು. ಜಾನ್ ಗೈಗರ್ ಅವರೊಡನೆ ಬೀಟಿ ಬರೆದ 1987ರ ಪುಸ್ತಕ ಅಪಾರ ಜನಪ್ರಿಯವಾಯಿತು. ಸೀಸವೇ ದುರಂತದ ಮುಖ್ಯ ಕಾರಣವೆಂಬ ಮಾತನ್ನು ಮಾತ್ರ ನಂತರದ ಅಧ್ಯಯನಗಳು ಪ್ರಶ್ನಿಸಿವೆ.

ಕ್ಷೇತ್ರದ ದಿಕ್ಕನ್ನು ನಿಜವಾಗಿ ಬದಲಿಸಿದವರು ಡೇವಿಡ್ ವುಡ್‌ಮನ್. 1991ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು, 1860ರ ದಶಕದಲ್ಲಿ ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ಮುಂತಾದ ಅನ್ವೇಷಕರು ಇನುಯಿಟರಿಂದ ಕೇಳಿ ಬರೆದಿಟ್ಟುಕೊಂಡಿದ್ದ ಹೇಳಿಕೆಗಳನ್ನು ಮೂಲ ಟಿಪ್ಪಣಿಗಳಿಂದ ಹೆಕ್ಕಿ, ಕಣ್ಣಾರೆ ಕಂಡವರ ಮಾತನ್ನು ಇನ್ನೊಬ್ಬರಿಂದ ಕೇಳಿ ಹೇಳಿದವರ ಮಾತಿನಿಂದ ಬೇರ್ಪಡಿಸಿದರು. ದುಭಾಷಿಗಳಿಂದಾದ ತಪ್ಪುಗಳನ್ನು ಗುರುತಿಸಿದರು. ಅದೇ ಸೀಮೆಗೆ 1829ರಲ್ಲಿ ಬಂದಿದ್ದ ಜಾನ್ ರಾಸ್ ಅವರ ಹಡಗಿನ ನೆನಪು ಫ್ರಾಂಕ್ಲಿನ್ ಹಡಗುಗಳ ನೆನಪಿನೊಡನೆ ಎಲ್ಲೆಲ್ಲಿ ಬೆರೆತಿದೆಯೆಂಬುದನ್ನೂ ಬಿಡಿಸಿ ತೋರಿಸಿದರು. ಶಾಸನಸಂಪಾದಕನು ಸವೆದ ಅಕ್ಷರಗಳಿಗೆ ತೋರುವ ತಾಳ್ಮೆಯನ್ನೇ ವುಡ್‌ಮನ್ ಬಾಯಿಮಾತಿಗೆ ತೋರಿದರು, ಮತ್ತು ಅವರ ದೊಡ್ಡತನವಿರುವುದು ಅಲ್ಲಿಯೇ. 1848ರಲ್ಲಿ ಹಡಗು ಬಿಟ್ಟವರಲ್ಲಿ ಕೆಲವರು ಮರಳಿ ಹಡಗೇರಿರಬೇಕೆಂದೂ ಒಂದು ಹಡಗು ಬಹು ದೂರ ದಕ್ಷಿಣಕ್ಕೆ ಬಂದು ಮುಳುಗಿತೆಂದೂ ಈ ಹೇಳಿಕೆಗಳ ಬಲದ ಮೇಲೆ ಅವರು ವಾದಿಸಿದರು. ಇತ್ತ ಯೋವಾ ಹೇವನ್ ಊರಿನ ಲೂಯಿ ಕಮೂಕಾಕ್ ಎಂಬ ಇನುಯಿಟ್ ಇತಿಹಾಸಕಾರರು ತಮ್ಮ ಹಿರಿಯರ ನೆನಪುಗಳನ್ನು ದಶಕಗಳ ಕಾಲ ಕೂಡಿಹಾಕುತ್ತಿದ್ದರು.

2014ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಶೋಧತಂಡಕ್ಕೆ ಎರೆಬಸ್ ಸಿಕ್ಕಿತು. ಇನುಯಿಟರು ಹಡಗು ಮುಳುಗಿತೆಂದು ಹೇಳುತ್ತ ಬಂದಿದ್ದ ಸೀಮೆಯಲ್ಲೇ ಅದು ಸುಮಾರು 11 ಮೀಟರ್ ಆಳದಲ್ಲಿ ಮಲಗಿತ್ತು. ಎರಡು ವರ್ಷಗಳ ಬಳಿಕ, ಇನುಯಿಟ್ ಬೇಟೆಗಾರ ಸ್ಯಾಮಿ ಕೊಗ್ವಿಕ್ ಕೊಟ್ಟ ಸುಳಿವಿನ ಜಾಡು ಹಿಡಿದು ಟೆರರ್ ಪತ್ತೆಯಾಯಿತು. 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಚಾಕುವಿನ ಗೀರುಗಳಿದ್ದ ದವಡೆಯೊಂದು ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಜ್‌ಜೇಮ್ಸ್ ಅವರದೆಂದು ಗುರುತಿಸಿತು. ರೇ ಅವರಿಗೆ ಇನುಯಿಟರು ಹೇಳಿದ್ದು ಸುಳ್ಳಾಗಿರಲಿಲ್ಲ.

ಹಡಗುಗಳು ಸಿಕ್ಕ ಮೇಲೆ ಬಂದ ಪುಸ್ತಕಗಳಲ್ಲಿ ಎರೆಬಸ್‌ನ ಜೀವನಚರಿತ್ರೆಯಂತಿರುವ ಮೈಕೆಲ್ ಪೇಲಿನ್ ಅವರ 2018ರ ಕೃತಿ ಸರಾಗವಾಗಿ ಓದಿಸಿಕೊಳ್ಳುತ್ತದೆ. ಆದರೆ ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಓದುಗರು ವುಡ್‌ಮನ್ ಅವರಿಂದಲೇ ಆರಂಭಿಸುವುದು ಒಳಿತು. ಫ್ರಾಂಕ್ಲಿನ್ ಅವರ ಸಮಾಧಿ ಇನ್ನೂ ಸಿಕ್ಕಿಲ್ಲ.